ಗಣಕಯಂತ್ರಕ್ಕೆ ನಮ್ಮೂರು ಕಾಣುವುದೇ? ಮಳೆಯ ಲೆಕ್ಕದಲ್ಲಿ ‘ಪೋಡಿ’ ಕ್ರಮ

ಆರೇಳು ವರ್ಷಗಳ ಹಿಂದಿನ ಮಾತು. ವಿಶಾಖೆ ಮಳೆಯ ದಿನಗಳು. ನಾನು ಕೆಲಸ ಮಾಡುತ್ತಿದ್ದ ಹೋಬಳಿಯಲ್ಲಿ ರಾಗಿ ಕೊಯ್ಲು ಭರದಿಂದ ನಡೆದಿತ್ತು. ಊರವರೆಲ್ಲ ‘ಯಜಮಾನರು’ ಎಂದೇ ಕರೆಯುವ ಹಿರಿಯ ರೈತರೊಬ್ಬರು ತಮ್ಮ ಮೂರು ಎಕರೆ ರಾಗಿಯನ್ನು ಕೊಯ್ಯಿಸಬಹುದೇ ಎಂದು ನನ್ನನ್ನು ಕೇಳಿದರು. ಅಂದಿನ ಹವಾಮಾನ ವರದಿಯಲ್ಲಿ ‘ಜಿಲ್ಲೆಯ ಒಂದೆರಡು ಕಡೆ ಹಗುರ ಮಳೆ’ ಎಂದಷ್ಟೇ ಇತ್ತು. “ಭಯವಿಲ್ಲ, ಕೊಯ್ಯಿಸಿ ಯಜಮಾನ್ರೇ” ಎಂದುಬಿಟ್ಟೆ.

ಕೊಯ್ದ ರಾಗಿ ಹೊಲದಲ್ಲಿ ಅರಿಯಾಗಿ ಬಿದ್ದಿದ್ದ ರಾತ್ರಿಯೇ ಎರಡು ತಾಸು ಬಿರುಸು ಮಳೆ ಹೊಡೆಯಿತು. ಮರುದಿನವೂ ಮೋಡ ಬಿಡಲಿಲ್ಲ. ನಾಲ್ಕು ದಿನ ಕಳೆಯುವುದರೊಳಗೆ ತೆನೆಯಲ್ಲೇ ಮೊಳಕೆ ಬಂತು. ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ಮಾತ್ರ ಕಣದ ಧೂಳು ಸಹ ಅಡಗಿರಲಿಲ್ಲ.

ಯಜಮಾನರು ಬೈಯಲಿಲ್ಲ. ಮೊಳಕೆಯೊಡೆದ ತೆನೆಯೊಂದನ್ನು ನನ್ನ ಕೈಗೆ ಕೊಟ್ಟು, “ಸಾಮಿ, ಆ ಕಂಪ್ಯೂಟ್ರಿಗೆ ನಮ್ಮೂರು ಕಾಣಾಕಿಲ್ವಾ?” ಎಂದರು.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಮೇಲೆ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ವಿಷಯ ಗಣಿತದ್ದು. ಆದರೆ ಅದರೊಳಗಿನ ಜಾಣ್ಮೆ ನಮ್ಮ ಹೊಲಗದ್ದೆಗಳಲ್ಲಿ ಕಾಣುವಂಥದ್ದೇ ಆದುದರಿಂದ ಯಾರಿಗೂ ಕಷ್ಟವೆನಿಸಲಾರದು.

ಚೌಕಗಳ ಲೆಕ್ಕ

ಗಣಕಯಂತ್ರವು ಆಕಾಶವನ್ನು ನಮ್ಮ ಹಾಗೆ ನೋಡುವುದಿಲ್ಲ. ಭೂಮಿಯ ಮೇಲೆಲ್ಲ ಮೀನಿನ ಬಲೆಯನ್ನು ಹರಡಿದ್ದೇವೆಂದು ಭಾವಿಸಿ. ಬಲೆಯ ಪ್ರತಿಯೊಂದು ಕಣ್ಣೂ ಒಂದು ಚೌಕ. ಒಂದೊಂದು ಚೌಕಕ್ಕೂ ಒಂದು ಉಷ್ಣಾಂಶ, ಒಂದು ತೇವಾಂಶ, ಗಾಳಿಯ ಒಂದು ವೇಗ, ವಾಯುಭಾರದ ಒಂದು ಅಂಕಿ. ಇದೇ ರೀತಿ ಮೇಲಕ್ಕೂ ಪದರ ಪದರವಾಗಿ ಚೌಕಗಳಿರುತ್ತವೆ. ಈಗ ಇರುವ ಸ್ಥಿತಿಯಿಂದ ಕೆಲವು ನಿಮಿಷಗಳ ಅನಂತರದ ಸ್ಥಿತಿಯನ್ನು ಯಂತ್ರವು ಲೆಕ್ಕ ಹಾಕುತ್ತದೆ. ಅದರಿಂದ ಮುಂದಿನ ಕೆಲವು ನಿಮಿಷಗಳದ್ದು. ಹೀಗೆ ಹೆಜ್ಜೆ ಹೆಜ್ಜೆಯಾಗಿ ನಾಳೆ, ನಾಡಿದ್ದು ಎಂದು ಮುಂದುವರಿಯುತ್ತದೆ.

ಈ ಕ್ರಮವನ್ನು ಮೊದಲು ಕೈಯಿಂದಲೇ ಮಾಡಿ ನೋಡಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ವಾಹನ ಓಡಿಸುತ್ತಾ, ಬಿಡುವಿನಲ್ಲಿ ಈ ಲೆಕ್ಕ ಮಾಡಿದರು. 1910ರ ಮೇ 20ರ ಹಳೆಯ ಅಂಕಿಗಳನ್ನು ತೆಗೆದುಕೊಂಡು ಕೇವಲ 6 ಗಂಟೆಗಳ ಬದಲಾವಣೆಯನ್ನು ಲೆಕ್ಕ ಹಾಕಲು ಅವರಿಗೆ ವಾರಗಟ್ಟಲೆ ಹಿಡಿಯಿತು. ವಾಯುಭಾರ 145 ಮಿಲಿಬಾರ್ ಏರುವುದೆಂದು ಉತ್ತರ ಬಂತು. ನಿಜದಲ್ಲಿ ಅಂದು ವಾಯುಭಾರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಆದರೂ ಅವರು ಸೋಲನ್ನು ಮುಚ್ಚಿಡಲಿಲ್ಲ. 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎಲ್ಲವನ್ನೂ ಬರೆದರು. ಅವರು ತೋರಿಸಿದ ದಾರಿ ಮಾತ್ರ ಸರಿಯಾಗಿತ್ತು. 1950ರಲ್ಲಿ ಅಮೆರಿಕದ ಎನಿಯಾಕ್ ಎಂಬ ಯಂತ್ರದಲ್ಲಿ ಅದೇ ದಾರಿ ಹಿಡಿದು ಮೊದಲ ಮುನ್ಸೂಚನೆ ತೆಗೆದಾಗ ಒಂದು ಚೌಕದ ಅಂಚು 700 ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು. ಒಂದು ದಿನದ ಮುನ್ಸೂಚನೆಗೆ ಸುಮಾರು ಒಂದು ದಿನವೇ ಬೇಕಾಯಿತು.

ಈಗ ಯಜಮಾನರ ಹೊಲಕ್ಕೆ ಬರೋಣ. ಅವರ ರಾಗಿ ಮೊಳೆತ ಕಾಲದಲ್ಲಿ ನಮ್ಮ ದೇಶದ ಮುಖ್ಯ ಮುನ್ಸೂಚನೆಯ ಚೌಕ ಸುಮಾರು 12 ಕಿ.ಮೀ. ಅಂಚಿನದು. ಅಂದರೆ 144 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ 35,000 ಎಕರೆಗೂ ಮಿಗಿಲು. ಅಷ್ಟೂ ಭೂಮಿಗೆ ಒಂದೇ ಅಂಕಿ. ಯಜಮಾನರ ಊರು, ಮೂರು ಮೈಲಿ ಆಚೆಯ ಊರು, ನಡುವಿನ ಕೆರೆ, ಗುಡ್ಡ, ತೋಪು ಎಲ್ಲವೂ ಆ ಒಂದು ಚೌಕದಲ್ಲಿ ಕರಗಿಹೋಗಿದ್ದವು. ಬಿರುಸು ಮಳೆ ಸುರಿಸುವ ಗುಡುಗು ಮೋಡವಾದರೋ ಕೆಲವೇ ಕಿಲೋಮೀಟರ್ ಅಗಲದ್ದು. ಒಂದು ವಸ್ತುವಿನ ಆಕಾರ ಯಂತ್ರಕ್ಕೆ ಸರಿಯಾಗಿ ಸಿಗಬೇಕಾದರೆ ಅದರ ಅಗಲದಲ್ಲಿ ಹಲವು ಚೌಕಗಳಾದರೂ ಕೂರಬೇಕು. ಕಣ್ಣು ದೊಡ್ಡದಾದ ಬಲೆಯಲ್ಲಿ ಸಣ್ಣ ಮೀನು ನಿಲ್ಲುವುದುಂಟೇ?

ಎಲ್ಲ ಚೌಕಗಳನ್ನೂ ಸಣ್ಣದು ಮಾಡಿದರೆ?

ಮಾಡಬಹುದು. ಆದರೆ ಖರ್ಚು ನೋಡಿ. ಚೌಕದ ಅಂಚನ್ನು ಅರ್ಧ ಮಾಡಿದರೆ ಒಂದು ಚೌಕ ನಾಲ್ಕಾಗುತ್ತದೆ. ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಗಾಳಿ, ಮೋಡಗಳು ಒಂದು ಹೆಜ್ಜೆಯಲ್ಲಿ ಒಂದು ಚೌಕವನ್ನು ಹಾರಿ ಮುಂದೆ ಹೋಗುವಂತಿಲ್ಲ. ಹಾರಿದರೆ ಲೆಕ್ಕವೇ ಕೆಟ್ಟುಹೋಗುತ್ತದೆ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲೇ ಈ ನಿಯಮವನ್ನು ತೋರಿಸಿಕೊಟ್ಟಿದ್ದಾರೆ. ಆದುದರಿಂದ ಚೌಕ ಅರ್ಧವಾದರೆ ಕಾಲದ ಹೆಜ್ಜೆಯೂ ಅರ್ಧವಾಗಬೇಕು. ನಾಲ್ಕರಷ್ಟು ಚೌಕ, ಎರಡರಷ್ಟು ಹೆಜ್ಜೆ. ಒಟ್ಟು ಎಂಟರಷ್ಟು ದುಡಿಮೆ. 12 ಕಿ.ಮೀ. ಚೌಕವನ್ನು ಎಲ್ಲೆಡೆಯೂ 1 ಕಿ.ಮೀ.ಗೆ ಇಳಿಸಿದರೆ ದುಡಿಮೆ 1,728 ಪಟ್ಟು ಏರುತ್ತದೆ. ನಾಳೆಯ ಮಳೆಯ ಲೆಕ್ಕ ಮುಗಿಯುವಷ್ಟರಲ್ಲಿ ನಾಳೆ ಕಳೆದೇ ಹೋಗಿರುತ್ತದೆ.

ಇಷ್ಟು ದುಡಿದೂ ಬಹುಪಾಲು ವ್ಯರ್ಥ. ಮೋಡವಿಲ್ಲದ ಮರುಭೂಮಿಯ ಮೇಲೆ, ಶಾಂತವಾದ ಸಮುದ್ರದ ಮೇಲೆ ಇಂದಿದ್ದಂತೆಯೇ ನಾಳೆಯೂ ಇರುವಾಗ ಅಲ್ಲಿ ಒಂದೊಂದು ಕಿಲೋಮೀಟರಿಗೂ ಲೆಕ್ಕ ಹಾಕುವುದೇಕೆ? ಕಳೆ ಇಲ್ಲದ ಪಾತಿಗೆ ಆಳು ಇಳಿಸಿದಂತೆ.

ಸರ್ವೆಯವರು ಕಲಿಸುವ ಪಾಠ

ನಮ್ಮ ಗ್ರಾಮದ ನಕಾಶೆಯನ್ನು ನೆನಪು ಮಾಡಿಕೊಳ್ಳಿ. ಊರಿನ ಭೂಮಿಯನ್ನೆಲ್ಲ ಸರ್ವೆ ಇಲಾಖೆ ಗುಂಟೆ ಗುಂಟೆಯಾಗಿ ಅಳೆದು ತುಂಡರಿಸಿದೆಯೇ? ಇಲ್ಲ. ಗೋಮಾಳವೋ ಹುಲ್ಲುಗಾವಲೋ ಆಗಿದ್ದರೆ ನೂರಾರು ಎಕರೆಗೂ ಒಂದೇ ಸರ್ವೆ ನಂಬರು ಸಾಕು. ಕಾಲುವೆಯ ಪಕ್ಕದಲ್ಲಿ ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ಗದ್ದೆಯಾದರೆ ಪೋಡಿ ಮಾಡಿ, ಹಿಸ್ಸಾ ಒಂದು, ಹಿಸ್ಸಾ ಎರಡು ಎಂದು ಬೇರೆ ಬೇರೆ ಅಳತೆ ಹಾಕುತ್ತಾರೆ. ಆ ಹಿಸ್ಸಾ ಮತ್ತೆ ಭಾಗವಾದರೆ ಅದಕ್ಕೂ ಪೋಡಿ. ಬೇಕಾದಲ್ಲಿ ಮಾತ್ರ, ಬೇಕಾದಷ್ಟು ಮಾತ್ರ.

ಗಣಕಯಂತ್ರದ ಬಲೆಯಲ್ಲಿಯೂ ಇದೇ ಜಾಣ್ಮೆಯನ್ನು ತಂದವರು ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಮಾರ್ಷಾ ಬರ್ಗರ್ ಮತ್ತು ಅವರ ಗುರು ಜೋಸೆಫ್ ಓಲಿಗರ್. ಅವರ ಲೇಖನ ಪ್ರಕಟವಾದದ್ದು 1984ರಲ್ಲಿ. ವಿಜ್ಞಾನಿಗಳು ಇದನ್ನು ‘ಅಡಾಪ್ಟಿವ್ ಮೆಶ್ ರಿಫೈನ್‌ಮೆಂಟ್’ ಎನ್ನುತ್ತಾರೆ. ನಾವು ‘ಬೇಕಾದಲ್ಲಿ ಪೋಡಿ’ ಎನ್ನೋಣ. ಸರ್ವೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನಮ್ಮ ಹಿಸ್ಸಾ ಒಮ್ಮೆ ಆದರೆ ಆಯಿತು. ಯಂತ್ರದ ಪೋಡಿ ಹಾಗಲ್ಲ. ಬಿರುಗಾಳಿ ಮುಂದೆ ಸಾಗಿದಂತೆ ಸಣ್ಣ ಚೌಕಗಳೂ ಅದರ ಜೊತೆಗೇ ಸಾಗುತ್ತವೆ. ಬಿಟ್ಟುಹೋದ ಜಾಗದ ಹಿಸ್ಸಾಗಳು ಮತ್ತೆ ಕೂಡಿ ಒಂದೇ ದೊಡ್ಡ ಚೌಕವಾಗುತ್ತವೆ.

ಉಳಿತಾಯ ಎಷ್ಟು? ಒಂದು ಸರಳ ಲೆಕ್ಕ ಮಾಡೋಣ. 10,000 ದೊಡ್ಡ ಚೌಕಗಳ ಒಂದು ಬಲೆ ಇದೆಯೆಂದು ಇಟ್ಟುಕೊಳ್ಳಿ. ಅಂಚನ್ನು ಕಾಲು ಭಾಗ ಮಾಡಬೇಕು. ಎಲ್ಲವನ್ನೂ ಒಡೆದರೆ 1,60,000 ಸಣ್ಣ ಚೌಕ. ಹೆಜ್ಜೆಗಳು ನಾಲ್ಕು ಪಟ್ಟು. ಒಟ್ಟು 6,40,000 ಲೆಕ್ಕ. ನೂರಕ್ಕೆ ಐದರಷ್ಟು ಜಾಗದಲ್ಲಿ ಮಾತ್ರ ಒಡೆದರೆ 500 ದೊಡ್ಡ ಚೌಕಗಳಿಂದ 8,000 ಸಣ್ಣ ಚೌಕ. ನಾಲ್ಕು ಹೆಜ್ಜೆಗೆ 32,000. ಮೂಲ ಬಲೆಯ 10,000 ಸೇರಿಸಿದರೆ 42,000. ಸಣ್ಣ ಚೌಕ ಬೇಕಾದ ಕಡೆ ಸಿಕ್ಕೇ ಸಿಕ್ಕಿತು, ದುಡಿಮೆ ಮಾತ್ರ ಹದಿನೈದರಲ್ಲಿ ಒಂದು ಪಾಲು.

ಎಲ್ಲಿ ಪೋಡಿ ಮಾಡಬೇಕು?

ಇದನ್ನು ಯಂತ್ರವೇ ಕಂಡುಕೊಳ್ಳಬೇಕು. ಅದಕ್ಕೆ ಎರಡು ಉಪಾಯಗಳಿವೆ. ಅಕ್ಕಪಕ್ಕದ ಚೌಕಗಳ ಅಂಕಿಗಳಲ್ಲಿ ಅಂತರ ತೀರಾ ಹೆಚ್ಚಾಗಿದ್ದರೆ ಅಲ್ಲೇನೋ ನಡೆದಿದೆ ಎಂದು ಗುರುತು ಹಾಕುವುದು ಒಂದು. ಅದೇ ಜಾಗದ ಲೆಕ್ಕವನ್ನು ಒಮ್ಮೆ ದಪ್ಪ ಚೌಕದಲ್ಲಿ, ಒಮ್ಮೆ ಸಣ್ಣ ಚೌಕದಲ್ಲಿ ಮಾಡಿ ಎರಡು ಉತ್ತರಗಳನ್ನೂ ಹೋಲಿಸುವುದು ಇನ್ನೊಂದು. ಉತ್ತರಗಳು ಒಂದೇ ಆದರೆ ದಪ್ಪ ಚೌಕವೇ ಸಾಕು. ಬೇರೆಯಾದರೆ ಪೋಡಿ ಬೇಕು. ಎರಡು ಅಳತೆಗಳ ವ್ಯತ್ಯಾಸದಿಂದ ತಪ್ಪನ್ನು ಅಂದಾಜು ಮಾಡುವ ಈ ಉಪಾಯಕ್ಕೆ ಮೂಲಪುರುಷರು ಮೇಲೆ ಹೇಳಿದ ರಿಚರ್ಡ್‌ಸನ್ ಅವರೇ.

ಗುರುತು ಬಿದ್ದ ಚೌಕಗಳನ್ನಷ್ಟೇ ಒಡೆದರೂ ಸಾಲದು. ಸೈನಿಕ ಹುಳು ಬಿದ್ದ ಹೊಲದಲ್ಲಿ ಹುಳು ಕಂಡ ಸಾಲಿಗೆ ಮಾತ್ರ ಔಷಧಿ ಹೊಡೆಯದೆ ಸುತ್ತಲೂ ನಾಲ್ಕಾರು ಸಾಲು ಸೇರಿಸಿ ಹೊಡೆಯುತ್ತೇವಲ್ಲವೇ? ಹಾಗೆಯೇ ಗುರುತಿನ ಸುತ್ತ ಒಂದಿಷ್ಟು ಚೌಕಗಳನ್ನು ಹೆಚ್ಚಾಗಿ ಒಡೆಯುತ್ತಾರೆ. ಮುಂದಿನ ಗುರುತು ಹಾಕುವುದರೊಳಗೆ ಗಾಳಿ ಸಣ್ಣ ಚೌಕಗಳಿಂದ ಆಚೆಗೆ ನುಸುಳಬಾರದು.

ಸಸಿಮಡಿಯ ನೀರು, ಬದುವಿನ ಲೆಕ್ಕ

ಸಸಿಮಡಿಗೆ ದಿನವೂ ನೀರು ಚಿಮುಕಿಸುತ್ತೇವೆ. ನಾಟಿಯಾದ ಹೊಲಕ್ಕೆ ವಾರಕ್ಕೊಮ್ಮೆ ಹಾಯಿಸುತ್ತೇವೆ. ಸಸಿಮಡಿಗೆ ದಿನವೂ ಬೇಕೆಂದು ಇಡೀ ಹೊಲಕ್ಕೆ ದಿನವೂ ಹಾಯಿಸುವವರುಂಟೇ? ಪೋಡಿ ಕ್ರಮದಲ್ಲಿಯೂ ಸಣ್ಣ ಚೌಕಗಳು ಸಣ್ಣ ಹೆಜ್ಜೆ ಇಡುತ್ತವೆ, ದೊಡ್ಡವು ದೊಡ್ಡ ಹೆಜ್ಜೆ. ದೊಡ್ಡದು ಒಂದು ಹೆಜ್ಜೆ ಇಡುವಷ್ಟರಲ್ಲಿ ಸಣ್ಣದು ನಾಲ್ಕು ಇಟ್ಟು ಜೊತೆಗೂಡುತ್ತದೆ.

ತಕರಾರು ಬರುವುದು ಬದುವಿನಲ್ಲಿ. ಮೇಲಿನ ಗದ್ದೆಯಿಂದ ಬಿಟ್ಟ ನೀರು ಎಷ್ಟೋ ಕೆಳಗಿನ ಗದ್ದೆಗೆ ಬಂದ ನೀರೂ ಅಷ್ಟೇ ಇರಬೇಕು. ದೊಡ್ಡ ಚೌಕ ‘ನಾನು ಹತ್ತು ಕೊಟ್ಟೆ’ ಎನ್ನುತ್ತದೆ. ಅದರ ಪಕ್ಕದ ಸಣ್ಣ ಚೌಕಗಳು ಕೂಡಿ ‘ನಮಗೆ ಒಂಬತ್ತೂವರೆ ಬಂತು’ ಎನ್ನುತ್ತವೆ. ಇಲ್ಲದ ಅರ್ಧ ಎಲ್ಲಿ ಹೋಯಿತು? ಹೀಗೆ ಬಿಟ್ಟರೆ ಸಾವಿರಾರು ಹೆಜ್ಜೆಗಳ ಅನಂತರ ಲೆಕ್ಕದಲ್ಲಿ ನೀರೇ ಮಾಯವಾಗಬಹುದು, ಇಲ್ಲವೇ ಇಲ್ಲದ ನೀರು ಹುಟ್ಟಬಹುದು. 1989ರಲ್ಲಿ ಬರ್ಗರ್ ಅವರು ಫಿಲಿಪ್ ಕೊಲೆಲ್ಲಾ ಅವರೊಡನೆ ಸೇರಿ ಈ ತಕರಾರಿಗೆ ನೆಟ್ಟಗಿನ ಪರಿಹಾರ ಕೊಟ್ಟರು. ಬದುವಿನಲ್ಲಿ ಸಣ್ಣ ಚೌಕಗಳ ಮಾತೇ ಪ್ರಮಾಣ; ದೊಡ್ಡ ಚೌಕ ತನ್ನ ಲೆಕ್ಕವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳತಕ್ಕದ್ದು. ಹತ್ತಿರದಿಂದ ನೋಡಿದವನ ಸಾಕ್ಷಿಯೇ ಗಟ್ಟಿ ಎಂಬ ಪಂಚಾಯಿತಿ ನ್ಯಾಯವೇ ಇದು.

ಮುಯ್ಯಾಳಿನ ಕೆಲಸ

ಇಷ್ಟು ಉಳಿಸಿದರೂ ಉಳಿದ ಲೆಕ್ಕ ಒಂದು ಯಂತ್ರಕ್ಕೆ ಮೀರಿದ್ದು. ಆದುದರಿಂದ ಸಾವಿರಾರು ಯಂತ್ರಗಳು ಮುಯ್ಯಾಳಿನಂತೆ ಏಕಕಾಲದಲ್ಲಿ ದುಡಿಯುತ್ತವೆ. ಇದನ್ನು ‘ಪ್ಯಾರಲಲ್ ಕಂಪ್ಯೂಟಿಂಗ್’ ಎನ್ನುತ್ತಾರೆ. ರಿಚರ್ಡ್‌ಸನ್ ತಮ್ಮ 1922ರ ಪುಸ್ತಕದಲ್ಲೇ ಇದರ ಕನಸು ಕಂಡಿದ್ದರು. ನಾಟಕಶಾಲೆಯಂಥ ಒಂದು ಮಹಾಮಂದಿರ, ಅದರಲ್ಲಿ ಭೂಮಿಯ ಒಂದೊಂದು ಭಾಗಕ್ಕೆ ಕುಳಿತ 64,000 ಲೆಕ್ಕಿಗರು, ನಡುವೆ ಎತ್ತರದ ಕಂಬದ ಮೇಲೆ ಒಬ್ಬ ಮೇಲ್ವಿಚಾರಕ. ಮುಂದೋಡುವ ಭಾಗದ ಮೇಲೆ ಅವನು ಗುಲಾಬಿ ಬಣ್ಣದ ಬೆಳಕು ಬಿಡುತ್ತಾನೆ, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು. ಎಲ್ಲರೂ ಸಮನಾಗಿ ಸಾಗಬೇಕು, ಅಷ್ಟೇ.

ಏಕೆ ಸಮನಾಗಿ ಸಾಗಬೇಕು? ಸಾಲು ಹಿಡಿದು ನಾಟಿ ಹಾಕುವವರನ್ನು ನೋಡಿ. ಹಗ್ಗವನ್ನು ಮುಂದಕ್ಕೆ ಸರಿಸಬೇಕಾದರೆ ಕೊನೆಯವಳೂ ತನ್ನ ಪಾಲನ್ನು ಮುಗಿಸಿರಬೇಕು. ಒಬ್ಬಳು ಹಿಂದೆ ಬಿದ್ದರೆ ಉಳಿದ ಹತ್ತು ಮಂದಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು. ಯಂತ್ರಗಳದ್ದೂ ಇದೇ ಗತಿ. ಪಕ್ಕದ ಚೌಕದ ಅಂಕಿ ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಅದಕ್ಕಾಗಿ ಪ್ರತಿಯೊಂದು ಯಂತ್ರವೂ ನೆರೆಯವನ ಬದುವಿನ ಪಕ್ಕದ ಒಂದೆರಡು ಸಾಲುಗಳ ನಕಲನ್ನು ಪ್ರತಿ ಹೆಜ್ಜೆಗೂ ತರಿಸಿ ಇಟ್ಟುಕೊಳ್ಳುತ್ತದೆ.

ಇಲ್ಲಿಯೇ ಪೋಡಿ ಕ್ರಮದ ದೊಡ್ಡ ಕಷ್ಟವಿರುವುದು. ಭೂಮಿಯನ್ನು ವಿಸ್ತೀರ್ಣಕ್ಕೆ ತಕ್ಕಂತೆ ಸಮನಾಗಿ ಹಂಚಿದರೆ, ಬಿರುಗಾಳಿಯ ಪಾಲು ಯಾರಿಗೆ ಬಿತ್ತೋ ಅವನಿಗೆ ರಾಶಿ ಕೆಲಸ, ಉಳಿದವರಿಗೆ ಬಿಡುವು. ನಮ್ಮ ಮೇಲಿನ ಲೆಕ್ಕದಲ್ಲಿ ಪೋಡಿಯಾದ ಒಂದು ಚೌಕದ ಸಣ್ಣ ಹಿಸ್ಸಾಗಳಿಗೇ 64 ಪಟ್ಟು ದುಡಿಮೆ ಬೇಕಿತ್ತು. ಆದ್ದರಿಂದ ಎಕರೆಯನ್ನಲ್ಲ, ಕೆಲಸವನ್ನು ಹಂಚಬೇಕು.

ಅದಕ್ಕೆ ವಿಜ್ಞಾನಿಗಳು ಹಿಡಿದ ದಾರಿಗಳಲ್ಲಿ ಒಂದನ್ನು ನಮ್ಮ ಹೆಣ್ಣುಮಕ್ಕಳು ಬೇಗ ಗುರುತಿಸುತ್ತಾರೆ. ಚುಕ್ಕಿಗಳನ್ನಿಟ್ಟು, ಎಳೆ ಕಡಿಯದಂತೆ ಎಲ್ಲ ಚುಕ್ಕಿಗಳನ್ನೂ ಬಳಸಿ ಬರುವ ರಂಗೋಲಿಯಂತೆ ಎಲ್ಲ ಚೌಕಗಳನ್ನೂ ಒಮ್ಮೊಮ್ಮೆ ಹಾದು ಬರುವ ಒಂದೇ ಎಳೆಯನ್ನು ಎಳೆಯುತ್ತಾರೆ. ಇಟಲಿಯ ಪೆಯಾನೊ 1890ರಲ್ಲಿ, ಜರ್ಮನಿಯ ಹಿಲ್ಬರ್ಟ್ 1891ರಲ್ಲಿ ಬರೀ ಗಣಿತದ ಕುತೂಹಲಕ್ಕೆಂದು ಇಂಥ ಎಳೆಗಳನ್ನು ತೋರಿಸಿದ್ದರು. ಈಗ ಆ ಎಳೆಯನ್ನು ಉದ್ದಕ್ಕೆ ಬಿಡಿಸಿ, ಪ್ರತಿ ತುಂಡಿನಲ್ಲಿಯೂ ಸಮನಾದ ಕೆಲಸ ಬರುವಂತೆ ಕತ್ತರಿಸಿ ಒಂದೊಂದು ಯಂತ್ರಕ್ಕೆ ಒಂದೊಂದು ತುಂಡು ಕೊಡುತ್ತಾರೆ. ಎಳೆಯಲ್ಲಿ ಹತ್ತಿರವಿರುವ ಚೌಕಗಳು ಭೂಮಿಯ ಮೇಲೂ ಹತ್ತಿರವೇ ಇರುವುದರಿಂದ ನೆರೆಹೊರೆಯವರೊಡನೆ ಮಾತುಕತೆಯೂ ಕಡಿಮೆಯಾಗುತ್ತದೆ.

ಬಿರುಗಾಳಿ ಸರಿದಂತೆ ಮತ್ತೆ ಹಂಚಬೇಕು. ಆದರೆ ಹಂಚುವುದಕ್ಕೂ ಖರ್ಚಿದೆ. ಮೇಲಿನ ಹೊಲದ ಆಳುಗಳನ್ನು ಗಳಿಗೆಗೊಮ್ಮೆ ಕೆಳಗಿನ ಹೊಲಕ್ಕೆ ಓಡಿಸಿದರೆ ನಡೆಯುವುದರಲ್ಲೇ ಹೊತ್ತು ಹೋಗುತ್ತದೆ. ಎಷ್ಟು ಹೆಜ್ಜೆಗೊಮ್ಮೆ ಹಂಚಬೇಕೆಂಬುದನ್ನು ತೂಗಿ ನೋಡಿ ನಿರ್ಧರಿಸಬೇಕಾಗುತ್ತದೆ.

ಒಡೆದ ಅಣೆಕಟ್ಟು, ಎತ್ತರದ ಶಾಲೆ

ಈ ಕ್ರಮದ ಉಪಯೋಗಕ್ಕೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ದಕ್ಷಿಣ ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ನೀರು ಎಲ್ಲೆಲ್ಲಿ ಎಷ್ಟು ಎತ್ತರಕ್ಕೆ ಏರಿತ್ತೆಂಬ ಗುರುತುಗಳನ್ನು ಪೊಲೀಸರು ಅಳೆದಿಟ್ಟರು. ದಾರಿಯಲ್ಲಿದ್ದ ಮೂರು ವಿದ್ಯುತ್ ಟ್ರಾನ್ಸ್‌ಫಾರ್ಮರುಗಳು ಯಾವಾಗ ಹೋದವೆಂಬುದೂ ದಾಖಲಾಗಿತ್ತು. ಅಮೆರಿಕದ ಡೇವಿಡ್ ಜಾರ್ಜ್ ಎಂಬ ವಿಜ್ಞಾನಿ ಪೋಡಿ ಕ್ರಮದಿಂದ ಆ ಪ್ರವಾಹವನ್ನು ಗಣಕಯಂತ್ರದಲ್ಲಿ ಮತ್ತೆ ಹರಿಯಬಿಟ್ಟು, ಆ ದಾಖಲೆಗಳೊಡನೆ ತಾಳೆ ನೋಡಿ 2011ರಲ್ಲಿ ಪ್ರಕಟಿಸಿದರು. ನೀರು ಮುಟ್ಟದ ಒಣ ಕಣಿವೆಯಲ್ಲಿ ದಪ್ಪ ಚೌಕ; ನೀರಿನ ಮುಂಗೋಡೆ ನುಗ್ಗುವಲ್ಲಿ ಸಣ್ಣ ಚೌಕ. ನೀರು ಕೆಳಗಿಳಿದಂತೆ ಸಣ್ಣ ಚೌಕಗಳೂ ಅದರೊಡನೆ ಇಳಿದವು.

ಅವರು ಬಳಸಿದ್ದು ಜಿಯೋಕ್ಲಾ ಎಂಬ ತಂತ್ರಾಂಶ. ಇದನ್ನು ಕಟ್ಟಿದವರಲ್ಲಿ ಮಾರ್ಷಾ ಬರ್ಗರ್ ಅವರೂ ಒಬ್ಬರು. ಸುನಾಮಿ ಅಲೆಯ ಲೆಕ್ಕಕ್ಕೂ ಇದು ಹೇಳಿ ಮಾಡಿಸಿದಂತಿದೆ. ಆಳ ಸಾಗರದಲ್ಲಿ ಅಲೆ ಗಂಟೆಗೆ 700 ಕಿ.ಮೀ. ವೇಗದಲ್ಲಿ ಓಡುತ್ತದೆ, ಆದರೆ ಎತ್ತರ ಅಲ್ಪ. ಅಲ್ಲಿ ದಪ್ಪ ಚೌಕ ಸಾಕು. ದಡದ ಬಳಿ ವೇಗ ತಗ್ಗಿ ಅಲೆ ಎದ್ದು ನಿಲ್ಲುತ್ತದೆ. ಅಲ್ಲಿ ಬೀದಿ ಬೀದಿಯೂ ಲೆಕ್ಕಕ್ಕೆ ಬರಬೇಕು. ಅಮೆರಿಕದ ಪಶ್ಚಿಮ ಕರಾವಳಿಯ ವೆಸ್ಟ್‌ಪೋರ್ಟ್ ಎಂಬ ಊರಿನಲ್ಲಿ ಈ ಲೆಕ್ಕದ ಆಧಾರದಿಂದ ಎತ್ತರ ನಿರ್ಧರಿಸಿ, ಸುಮಾರು 1,000 ಜನ ಮಾಳಿಗೆಯ ಮೇಲೆ ಆಶ್ರಯ ಪಡೆಯಬಹುದಾದ ಶಾಲಾ ಕಟ್ಟಡವೊಂದನ್ನು ಕಟ್ಟಿ 2016ರಲ್ಲಿ ತೆರೆದರು. ಚೌಕದ ಲೆಕ್ಕ ಮಕ್ಕಳ ತಲೆಯ ಮೇಲಿನ ಮಾಳಿಗೆಯಾಯಿತು.

ಮಳೆಗಾಳಿಗೆ ಬಂದಾಗ

ಹವಾಮಾನಕ್ಕೂ ಈ ಕ್ರಮವನ್ನು ಒಗ್ಗಿಸುವ ಪ್ರಯತ್ನ ಹಳೆಯದೇ. 1989ರಲ್ಲಿ ವಿಲಿಯಂ ಸ್ಕಾಮರಾಕ್, ಓಲಿಗರ್ ಅವರೇ ಮೊದಲಾದವರೊಡನೆ ಇದನ್ನು ಮಾಡಿ ತೋರಿಸಿದರು. ದೈನಂದಿನ ಬಳಕೆಗೆ ಬಂದದ್ದು ಅದರ ಹತ್ತಿರದ ಬಂಧು: ಚಂಡಮಾರುತದೊಡನೆ ಸಾಗುವ ಬಲೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಂತೆ ಹೊರಗೆ ದಪ್ಪ ಬಲೆ, ಒಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಚಂಡಮಾರುತದ ಕಣ್ಣು ಸರಿದತ್ತ ಒಳಗಿನ ಬಲೆಗಳೂ ಸರಿಯುತ್ತವೆ. ಅಮೆರಿಕದಲ್ಲಿ 2007ರಿಂದ ಇಂಥ ಮಾದರಿ ಕೆಲಸಕ್ಕೆ ಬಂತು. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಚಂಡಮಾರುತಗಳಿಗೆ ಭಾರತ ಹವಾಮಾನ ಇಲಾಖೆಯೂ 18, 6 ಮತ್ತು 2 ಕಿ.ಮೀ. ಚೌಕಗಳ ಈ ಮಾದರಿಯನ್ನು ಬಳಸಿದೆ.

1999ರ ಅಕ್ಟೋಬರಿನಲ್ಲಿ ಒಡಿಶಾದ ಮಹಾಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ತೀವ್ರ ಚಂಡಮಾರುತ ಅದೇ ಕರಾವಳಿಗೆ ಬಂದಾಗ ಸತ್ತವರು ನೂರಕ್ಕಿಂತ ಕಡಿಮೆ. ಇದು ಗಣಕಯಂತ್ರವೊಂದರ ಪುಣ್ಯವಲ್ಲ. ಆಶ್ರಯ ಕಟ್ಟಡಗಳು, ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ ಆಡಳಿತ, ಮಾತು ಕೇಳಿದ ಜನ, ಎಲ್ಲದರ ಫಲ. ಆದರೆ ಜನರನ್ನು ಎಲ್ಲಿಂದ, ಯಾವಾಗ ಎಬ್ಬಿಸಬೇಕೆಂದು ಮೊದಲೇ ತಿಳಿದಿರಬೇಕಷ್ಟೆ.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. ಭಾರತದ ಮೊದಲ ಪ್ಯಾರಲಲ್ ಗಣಕಯಂತ್ರವೆನಿಸಿದ ‘ಫ್ಲೊಸಾಲ್ವರ್’ ಸಿದ್ಧವಾದದ್ದು 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ. ಮುಂದೆ ಹವಾಮಾನದ ಲೆಕ್ಕಕ್ಕೂ ಅದನ್ನು ದುಡಿಸಿದರು. 2024ರ ಸೆಪ್ಟೆಂಬರಿನಲ್ಲಿ ಪುಣೆಯ ‘ಅರ್ಕ’, ನೊಯ್ಡಾದ ‘ಅರುಣಿಕ’ ಎಂಬ ಮಹಾಗಣಕಗಳು ಕೆಲಸಕ್ಕೆ ಬಂದವು. ಅರ್ಕ ಒಂದು ಸೆಕೆಂಡಿಗೆ ಸುಮಾರು 118 ಕೋಟಿ ಕೋಟಿ ಲೆಕ್ಕ ಮಾಡಬಲ್ಲದು. 2025ರ ಮೇ 26ರಂದು ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಆರಂಭವಾಗಿ ಚೌಕ 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಯಿತು. ಆದರೆ ಒಂದನ್ನು ತಿಳಿದಿರಬೇಕು. ಈ ಚೌಕಗಳು ಇದ್ದಲ್ಲೇ ಇರುತ್ತವೆ. ಮೋಡದ ಬೆನ್ನು ಹತ್ತುವುದಿಲ್ಲ. 6 ಕಿ.ಮೀ. ಚೌಕವೆಂದರೂ 8,900 ಎಕರೆಯಷ್ಟು ಭೂಮಿ. ಪಂಚಾಯಿತಿಯ ಹೆಸರಿನಲ್ಲಿ ಮುನ್ಸೂಚನೆ ಬಂದ ಮಾತ್ರಕ್ಕೆ ಲೆಕ್ಕದ ಚೌಕ ಪಂಚಾಯಿತಿಯಷ್ಟೇ ಆಗಿದೆ ಎಂದರ್ಥವಲ್ಲ.

ಪೋಡಿಯಿಂದ ಆಗದ್ದು

ಪೋಡಿ ಕ್ರಮವೂ ಸರ್ವರೋಗಕ್ಕೆ ಮದ್ದಲ್ಲ. ಗುರುತು ಬೀಳದ ಕಡೆ ಹುಟ್ಟಿದ ಸಣ್ಣ ಸುಳಿಗಾಳಿ ದಪ್ಪ ಚೌಕದಲ್ಲಿ ಅಡಗಿಯೇ ಹೋಗಬಹುದು. ಇದಕ್ಕಿಂತ ದೊಡ್ಡ ಮಾತೊಂದಿದೆ. ಜರಡಿಯ ಕಣ್ಣು ಎಷ್ಟು ಸಣ್ಣದಾದರೂ ಮೇಲೆ ಹಾಕಿದ ಕಾಳೇ ಅಲ್ಲವೇ ಕೆಳಗೆ ಬರುವುದು? ಲೆಕ್ಕ ಆರಂಭವಾಗುವುದು ಈ ಹೊತ್ತಿನ ನಿಜವಾದ ಅಳತೆಗಳಿಂದ. ಬಂದ ಉತ್ತರವನ್ನು ತಾಳೆ ನೋಡುವುದೂ ಅಳತೆಗಳಿಂದಲೇ. ಮಾಲ್ಪಾಸೆಯಲ್ಲಿ ಪೊಲೀಸರು ನೀರಿನ ಗುರುತುಗಳನ್ನು ಅಳೆದಿಡದಿದ್ದರೆ ಲೆಕ್ಕ ಸರಿಯೋ ತಪ್ಪೋ ಎಂದು ಹೇಳುವವರು ಯಾರು?

ನಾವು ಮಾಡಬೇಕಾದದ್ದು

1. ಮುನ್ಸೂಚನೆಯ ಮಾತುಗಳನ್ನು ತೂಕ ಮಾಡಿ ಓದಿ. ‘ಒಂದೆರಡು ಕಡೆ’ ಎಂದರೆ ನೂರು ಅಳತೆ ಕೇಂದ್ರಗಳಲ್ಲಿ 25ರವರೆಗೆ ಮಳೆ; ‘ಕೆಲವು ಕಡೆ’ ಎಂದರೆ 26ರಿಂದ 50; ‘ಹಲವು ಕಡೆ’ ಎಂದರೆ 51ರಿಂದ 75; ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ‘ಒಂದೆರಡು ಕಡೆ’ ಎಂದಾಗ ಆ ಕಡೆ ನಿಮ್ಮೂರೇ ಆಗಿರಬಹುದು.

2. ಕೊಯ್ದ ಫಸಲು ಹೊಲದಲ್ಲಿರುವಾಗ ಹಳೆಯ ಮುನ್ಸೂಚನೆಯನ್ನು ನೆಚ್ಚಬೇಡಿ. ಪ್ರತಿದಿನದ ಹೊಸ ವರದಿಯನ್ನು ಕೇಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಇರುವುದು ಇದಕ್ಕಾಗಿಯೇ.

3. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕ ನಿಮ್ಮೂರಿನಲ್ಲಿದ್ದರೆ ಅದನ್ನು ಕಾಪಾಡಿ. ಅದಕ್ಕೆ ದನ ಕಟ್ಟುವುದು, ಬಟ್ಟೆ ಒಣಹಾಕುವುದು ಬೇಡ. ಮರದ ಕೊಂಬೆ ಬಾಗಿದ್ದರೆ ತಿಳಿಸಿ ತೆಗೆಸಿ. ಆ ಮಾಪಕ ಕೆಟ್ಟರೆ ನಿಮ್ಮೂರಿನ ಮಳೆ ಲೆಕ್ಕಕ್ಕೇ ಸಿಗುವುದಿಲ್ಲ.

4. ನಿಮ್ಮದೇ ಮಳೆ ಪುಸ್ತಕ ಇಡಿ. ಬಾಯಿ ಮತ್ತು ತಳ ಒಂದೇ ಅಗಲವಿರುವ, ತಳ ಮಟ್ಟಸವಾದ ಡಬ್ಬವನ್ನು ಬಯಲಿನಲ್ಲಿ ಅಲುಗದಂತೆ ನಿಲ್ಲಿಸಿ. ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡರಷ್ಟು ದೂರವಾದರೂ ಇರಲಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆದು, ನೀರು ಚೆಲ್ಲಿ. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಮುನ್ಸೂಚನೆ ನಿಮ್ಮ ಹೊಲಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದು ಎರಡು ಮೂರು ವರ್ಷಗಳ ಪುಸ್ತಕದಿಂದ ತಾನಾಗಿಯೇ ತಿಳಿಯುತ್ತದೆ.

ಯಜಮಾನರಿಗೆ ಉತ್ತರ

ಮರುವರ್ಷ ಅದೇ ವಿಶಾಖೆ ಮಳೆಯ ದಿನಗಳಲ್ಲಿ ಯಜಮಾನರ ಮನೆಗೆ ಹೋಗಿದ್ದೆ. “ಯಜಮಾನ್ರೇ, ಕಂಪ್ಯೂಟರಿಗೆ ಕಾಣಿಸಿದ್ದು ನಿಮ್ಮೂರಲ್ಲ, ನಿಮ್ಮೂರು ಸೇರಿದ ಹತ್ತೂರು. ತಪ್ಪು ಅದರದ್ದಲ್ಲ. ಅದು ಒಂದೆರಡು ಕಡೆ ಎಂದಿತ್ತು, ನಾನು ಭಯವಿಲ್ಲ ಎಂದೆ” ಎಂದು ಒಪ್ಪಿಕೊಂಡೆ. ಅವರು ಎಲೆಯಡಿಕೆಯ ತಟ್ಟೆ ಮುಂದಿಟ್ಟು, “ಈಗೇನಂತೆ ಅದು?” ಎಂದು ಕೇಳಿದರು. “ಕೆಲವು ಕಡೆ ಮಳೆ ಅಂತಿದೆ. ನೂರು ಕಡೆ ನೋಡಿದರೆ ಐವತ್ತು ಕಡೆಯವರೆಗೂ ಬರಬಹುದು. ಆ ಐವತ್ತರಲ್ಲಿ ನಿಮ್ಮ ಹೊಲ ಇದೆಯೋ ಇಲ್ಲವೋ ಹೇಳಲಾರೆ” ಎಂದೆ.

ಯಜಮಾನರು ಆಕಾಶ ನೋಡಿದರು, ಮಗನನ್ನು ಕರೆದರು. ಸಂಜೆಯೊಳಗೆ ಅರಿಯೆಲ್ಲ ಕಂತೆಯಾಗಿ, ಕಂತೆಯೆಲ್ಲ ಮೆದೆಯಾಗಿ, ಮೆದೆಯ ಮೇಲೆ ಟಾರ್ಪಾಲು ಬಿತ್ತು. ಆ ರಾತ್ರಿ ಅವರ ಹೊಲಕ್ಕೆ ಮಳೆ ಬರಲಿಲ್ಲ. ಮೂರು ಮೈಲಿ ಆಚೆ ಬಂತು. ಬೆಳಿಗ್ಗೆ ಸಿಕ್ಕಾಗ ಅವರು ನಗುತ್ತಾ ಹೇಳಿದರು: “ಒಂದು ದಿನದ ಕೂಲಿ ಹೋಯ್ತು, ಹೋಗ್ಲಿ ಬುಡಿ ಸಾಮಿ. ರಾಗಿ ಉಳೀತು.”